ಜೋಡುನಳಿಗೆಯ ಸೊಸೆಯರು

ಮೊದಲೇ ಹೇಳಿಬಿಡುತ್ತೇನೆ: ಆ ಬಂದೂಕನ್ನು ಗೌಡರಿಗೆ ಕೊಟ್ಟವರು ವಕೀಲ ಸಾಹೇಬರಲ್ಲ. ವಕೀಲ ಸಾಹೇಬರ ದನಿಯಲ್ಲಿ ನಾನು ಕೊಟ್ಟೆ. ಇಷ್ಟು ದಿನ ಈ ಮಾತು ಮೂವರಿಗೆ ಮಾತ್ರ ಗೊತ್ತಿತ್ತು: ನನಗೆ, ವಕೀಲರಿಗೆ, ವಕೀಲರ ಹೆಂಡತಿಗೆ. ಹೋದ ತಿಂಗಳು ವಕೀಲರು ತೀರಿಕೊಂಡರು. ಗಣಾರಾಧನೆಯ ಊಟಕ್ಕೆ ಕೂತ ಪಂಕ್ತಿಗೆಲ್ಲ ಅವರ ಹೆಂಡತಿ ಇದನ್ನು ಹೋಳಿಗೆಯ ಜೊತೆಗೇ ಬಡಿಸಿಬಿಟ್ಟರಂತೆ. ಹೀಗಾಗಿ ಬರೆದರೆ ಮಾನ ಹೋದೀತೆಂಬ ಹೆದರಿಕೆ ಈಗ ಇಲ್ಲ. ಹೋಗುವುದೆಲ್ಲ ಹೋಗಿ ಆಗಿದೆ.

ಲಿಂಗಸುಗೂರಿನಲ್ಲಿ ನಾನು ಅವರ ಗುಮಾಸ್ತ. ಉರ್ದುವಿನಲ್ಲಿ ಅರ್ಜಿ ಬರೆಯುವುದು ನನ್ನ ನೌಕರಿ, ಮಂದಿಯ ದನಿ ಕದಿಯುವುದು ನನ್ನ ರೋಗ. ಕಚೇರಿಯ ಚಪರಾಸಿ ಕಕ್ಷಿದಾರರನ್ನು ಕೂಗುವುದು, ಕಿರಾಣಿ ಅಂಗಡಿಯ ಶೆಟ್ಟರು ಉದ್ರಿ ಇಲ್ಲವೆನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ನಮ್ಮ ಸೋದರಮಾವ ನಿದ್ದೆಯಲ್ಲಿ ಬೈಯುವುದು, ಎಲ್ಲ ಬರುತ್ತಿತ್ತು. “ನಿನ್ನ ದನಿ ಯಾವ್ದೋ?” ಅಂತ ನಮ್ಮವ್ವ ಕೇಳಿದರೆ ಹುಡುಕಬೇಕಾಗುತ್ತಿತ್ತು. ನನಗೆ ಸ್ವಂತದ್ದೆಂದು ಇದ್ದದ್ದು ಮೂಗೊಂದೇ. ಅದನ್ನು ಯಾರೂ ಕದಿಯಲಾರರು, ಹೊರಲು ಇಬ್ಬರು ಬೇಕು.

ವಕೀಲರ ದನಿ ಕದಿಯುವುದು ಬಲು ಸುಲಭ. ಪ್ರತಿ ಮಾತಿಗೂ ಮೊದಲು “ಅಸಲ್ ಮಾತ್ ಏನಂದ್ರ” ಅನ್ನಬೇಕು. ಆಮೇಲೆ ಅಸಲು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಬೇಕು. ಕೊನೆಗೆ ಒಮ್ಮೆ ಸೊರ್ರೆಂದು ಮೂಗೇರಿಸಬೇಕು. ಅಷ್ಟೇ.

ಅರವತ್ತು ದಾಟಿದ ಮನುಷ್ಯ. ಕೊರಳಲ್ಲಿ ಲಿಂಗ, ಹಣೆಗೆ ಮೂರು ಬೆರಳ ವಿಭೂತಿ, ಮೈಮೇಲೆ ಗುಂಡಿ ಕಿತ್ತ ಶೇರವಾನಿ. ಹಾದಿಯಲ್ಲಿ ಇರುವೆ ಸಾಲು ಕಂಡರೆ ಧೋತರ ಎತ್ತಿ ದಾಟುವವರು. ಅಂಥವರ ಪಡಸಾಲೆಯ ಗೋಡೆಗೆ ಐದು ಜೋಡುನಳಿಗೆ ಬಂದೂಕುಗಳು ಬನಾತಿನ ಗವಸು ತೊಟ್ಟು ನೇತಾಡುತ್ತಿದ್ದವು. ಒಂದರಿಂದಲೂ ಅವರು ಒಂದು ಗುಂಡು ಹಾರಿಸಿದವರಲ್ಲ. ಲಿಂಗಸುಗೂರಿನಲ್ಲಿ ಹಿಂದೆ ಇಂಗ್ಲಿಷರ ದಂಡಿನ ಛಾವಣಿ ಇತ್ತಲ್ಲ, ಅಲ್ಲಿಂದ ಎದ್ದುಹೋದ ದೊರೆಗಳು ಕುರ್ಚಿ, ತೊಟ್ಟಿಲು, ಪಿಂಗಾಣಿ ಬಿಟ್ಟುಹೋದಂತೆ ಹಳೆಯ ಬಂದೂಕುಗಳನ್ನೂ ಅವರಿವರಿಗೆ ಮಾರಿಹೋಗಿದ್ದರು. ಯಾರ ಅಟ್ಟದ ಮೇಲೆ ಏನಿದೆ ಎಂಬುದು ವಕೀಲರಿಗೆ ಬಾಯಿಪಾಠ. ಕಕ್ಷಿದಾರರ ಹೆಸರು ಮರೆಯುತ್ತಿದ್ದರು, ಅವರ ಅಟ್ಟ ಮರೆಯುತ್ತಿರಲಿಲ್ಲ.

ನಮ್ಮ ಕಡೆ ಸೊಸೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ತವರೂರಿನಿಂದ ಕರೆಯುತ್ತಾರೆ. ವಕೀಲರು ಬಂದೂಕುಗಳನ್ನೂ ಹಾಗೇ ಕರೆಯುತ್ತಿದ್ದರು. ಛಾವಣಿಯಾಕಿ, ಮುದಗಲ್ಲಾಕಿ, ಸಿಂಧನೂರಾಕಿ, ಹಟ್ಟಿಯಾಕಿ, ಮಸ್ಕಿಯಾಕಿ. ಹಟ್ಟಿಯಾಕಿ ಚಿನ್ನದ ಗಣಿಯ ಕಡೆಯಿಂದ ಬಂದವಳಾದ್ದರಿಂದ ಸ್ವಲ್ಪ ಸೊಕ್ಕು ಎಂದು ಅವರ ಅಭಿಪ್ರಾಯ. ಮಕ್ಕಳಿಲ್ಲದ ಮನೆ. ಹೆಂಡತಿ ಒಳಗಿನಿಂದಲೇ ಕೂಗುತ್ತಿದ್ದರು: “ಐದು ಮಂದಿ ಸೊಸ್ತೇರು ತಂದಿಟ್ಟೀರಿ. ರೊಟ್ಟಿ ಬಡಿಯಾಕ ಒಬ್ಬಾಕಿರ ಏಳ್ತಾಳೇನು ನೋಡ್ರಿ!”

ಮನೆಗೆ ಬಂದ ಯಾರನ್ನೂ ಅವರು ಬಿಡುತ್ತಿರಲಿಲ್ಲ. ಹೊಲದ ಬಾಂದಿನ ಕಲ್ಲಿನ ಜಗಳ ಹೊತ್ತು ಹದಿನಾಲ್ಕು ಮೈಲು ನಡೆದು ಬಂದ ರೈತನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ನಳಿಗೆಯನ್ನು ಕುಂದೆಯಿಂದ, ಅಂದರೆ ಮರದ ಹಿಡಿಯಿಂದ, ಬಿಚ್ಚಿ, ದಾರದಲ್ಲಿ ತೂಗುಬಿಟ್ಟು, ಬೆರಳ ಗೆಣ್ಣಿನಿಂದ ಬಡಿದರು. ಠಣ್ ಎಂದಿತು. ಬೆಸುಗೆ ಗಟ್ಟಿ ಇದ್ದರೆ ಜೋಡುನಳಿಗೆ ಗುಡಿಯ ಗಂಟೆಯಂತೆ ಬಹಳ ಹೊತ್ತು ನುಡಿಯುತ್ತದೆ, ಎಲ್ಲಿಯಾದರೂ ಬಿಟ್ಟಿದ್ದರೆ ಒಡಕು ಮಡಕೆಯಂತೆ ಸದ್ದಡಗುತ್ತದೆ. ಇದು ಅವರ ಪರೀಕ್ಷೆ.

“ಅಸಲ್ ಮಾತ್ ಏನಂದ್ರ, ಇನ್ನೂ ನುಡ್ಯಾಕತ್ತಾಳ. ಕೇಳ್ತಿಯೇನು?”

ರೈತ ಕಿವಿಗೊಟ್ಟು ಕೇಳಿದ. “ಛಲೋ ನುಡೀತೈತ್ರಿ. ನಮ್ಮ ಎತ್ತಿನ ಗಂಟಿಗಿಂತ ಛಲೋ. ಆದ್ರ ಸಾಹೇಬ್ರ, ನನ್ನ ಬಾಂದಿನ ಕಲ್ಲು ಪಕ್ಕದಾಂವ ಕಿತ್ತಾನ್ರಿ.”

“ಕಲ್ಲು ಎಲ್ಲಿ ಹೋಗ್ತೈತೋ? ಇದನ್ನ ನೋಡು.” ನಳಿಗೆಯನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಒಳಗೆ ಇಣುಕಿದರು. ಆ ಒಂದೇ ಕಣ್ಣಿನ ನೋಟ ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ಮುನ್ಸಿಫರನ್ನೂ, ಬದನೆಕಾಯಿಯನ್ನೂ, ಹೆಂಡತಿಯನ್ನೂ ಹಾಗೇ ನೋಡುತ್ತಿದ್ದರು. ರೈತನ ಕಲ್ಲಿನ ಮಾತು ಶುರುವಾಗುವ ಹೊತ್ತಿಗೆ ಅವನೂರಿನ ಕಡೆ ಹೋಗುವ ಬಂಡಿ ಹೊರಟುಹೋಗಿತ್ತು. ರಾತ್ರಿಯ ರೊಟ್ಟಿ ನಮ್ಮ ಮನೆಯಲ್ಲೇ ತಿಂದ. ನಾನು ಹಲ್ಲು ಕಚ್ಚಿಕೊಂಡು ಅವನ ಅರ್ಜಿ ಬರೆದೆ.

ಪರವಾನಗಿಯ ಕಥೆ ಇನ್ನೊಂದು. ಫಾರಮಿನಲ್ಲಿ ಬಂದೂಕು ಯಾತಕ್ಕೆ ಬೇಕು ಎಂದು ಕೇಳಿರುತ್ತಾರೆ. ಬೆಳೆ ಕಾಯಲಿಕ್ಕೆ ಅನ್ನು, ಶಿಕಾರಿಗೆ ಅನ್ನು, ಮುಗಿಯಿತು. ಇವರು “ದೇಖನೇ ಕೇ ವಾಸ್ತೆ”, ನೋಡಲಿಕ್ಕೆ, ಎಂದು ಬರೆಸಿದರು. ಫಾರಮು ಹಿಂದಕ್ಕೆ ಬಂತು. ಮತ್ತೆ ಅದನ್ನೇ ಬರೆಸಿದರು. ಮತ್ತೆ ಬಂತು.

“ಶಿಕಾರಿ ಅಂತ ಒಂದು ಮಾತು ಬರದ್ರ ಏನಾಗ್ತೈತ್ರೀ?” ಅಂದೆ.

“ಸುಳ್ಳಾಗ್ತೈತಿ.”

“ನೀವು ವಕೀಲರಲ್ರೀ?”

“ಅದು ಕಚೇರ್ಯಾಗ. ಇದು ಮನ್ಯಾಗ.” ಮೂಗೇರಿಸಿದರು. ಆ ಫಾರಮನ್ನು ನಾನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಕೊನೆಗೆ ಅತ್ತಲಿನವರೇ ಬೇಸತ್ತು ಮೊಹರು ಒತ್ತಿದರು.

ಇನ್ನು ಗೌಡರು. ಸಿಂಧನೂರಿನ ಈಚೆ, ಮಸ್ಕಿಯ ಆಚೆ, ಅವರ ಹಳ್ಳಿ. ಕಾಡುಹಂದಿಗಳು ಅವರ ಶೇಂಗಾ ಹೊಲವನ್ನು ರಾತ್ರೋರಾತ್ರಿ ಉತ್ತುಹಾಕುತ್ತಿದ್ದವು. ಬಂದೂಕಿನ ಪರವಾನಗಿ ಅವರಲ್ಲಿತ್ತು, ಅದನ್ನು ಮಾಡಿಸಿಕೊಟ್ಟವರೂ ನಮ್ಮ ವಕೀಲರೇ. ಆದರೆ ಅವರ ಹಳೆಯ ಬಂದೂಕು ಕೆಟ್ಟಿತ್ತು. ಯುದ್ಧದ ಕಾಲವಾದ್ದರಿಂದ ಬಿಲಾಯತಿಯಿಂದ ಹೊಸದು ಬರುವುದು ನಿಂತಿತ್ತು. ಏಳು ಸಲ ಬಂದು ಕೇಳಿದರು. ಏಳು ಸಲವೂ ವಕೀಲರು ಬಂದೂಕು ತೋರಿಸಿದರು, ನುಡಿಸಿದರು, ತೋಟೆಗೆ ಬಡಿಯುವ ಎರಡೂ ಸುತ್ತಿಗೆಗಳು, ಅವಕ್ಕೆ ಕುದುರೆ ಎನ್ನುತ್ತಾರೆ, ಕಿವಿ ನಿಮಿರಿಸಿಕೊಂಡು ನಿಂತ ಚಂದ ವರ್ಣಿಸಿದರು, ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸಿದರು. ಎಂಟನೆಯ ಸಲ ಒಂದು ಶನಿವಾರ ಮುಂಜಾನೆ ಬಂದಾಗ ವಕೀಲರು ಹಿತ್ತಲ ಕಡೆಯ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಕೂತರೆ ಒಂದು ತಾಸು ಏಳುವವರಲ್ಲ.

“ವಕೀಲ ಸಾಹೇಬ್ರ ಅದಾರೇನ್ರೀ?” ಎಂದು ಗೌಡರು ಕಟ್ಟೆಯ ಮೇಲಿಂದ ಕೇಳಿದರು. ನಾನು ಪಡಸಾಲೆಯ ಪರದೆಯ ಹಿಂದೆ. ನಾಲಗೆ ತುರಿಸಿತು.

“ಅಸಲ್ ಮಾತ್ ಏನಂದ್ರ ಗೌಡ್ರ, ಬ್ಯಾಸರಾತು. ಲೇ ತಮ್ಮಾ, ಮಸ್ಕಿಯಾಕಿನ್ನ ಇವರಿಗೆ ಕೊಟ್ಟು ಕಳಸು.” ಮೂಗೇರಿಸಿದೆ. ಕೂಡಲೇ ನನ್ನ ದನಿಯಲ್ಲಿ “ಹೂಂನ್ರಿ” ಅಂದೆ. ಎರಡೂ ಪಾತ್ರ ನಾನೇ. ಗೌಡರು ಗುರುತು ಹಿಡಿದು ನಕ್ಕಾರು ಅಂದುಕೊಂಡು ಬಂದೂಕು ಹಿಡಿದು ಹೊರಗೆ ಬಂದೆ. ಏಳು ಸಲ ಇಲ್ಲ ಅನ್ನಿಸಿಕೊಂಡ ಮನುಷ್ಯ ನಗುತ್ತಾನೆಯೇ? ಕಸಿದುಕೊಂಡಂತೆ ಇಸಕೊಂಡು, ಒಳಗಿನ ಪರದೆಗೆ ಕೈಮುಗಿದು, ಬಂಡಿ ಏರಿದರು.

“ಹೈದ್ರಾಬಾದಿನಿಂದ ಒಂದು ಡಬ್ಬಿ ತೋಟಾ ತರಿಸೀನಪ್ಪಾ, ಹೊಸಾ ಮದ್ದಿನವು, ಹೊಗಿನ ಬರಂಗಿಲ್ಲಂತ!” ಎನ್ನುತ್ತಲೇ ಎತ್ತುಗಳನ್ನು ಓಡಿಸಿದರು. ನಾನು ಖಾಲಿ ಗವಸು ಹಿಡಿದು ನಿಂತಿದ್ದೆ.

ಆಗಲೇ ಓಡಿಹೋಗಿ ಹೇಳಬಹುದಿತ್ತು. ಬದಲಿಗೆ ಅಡಿಗೆಮನೆಯಿಂದ ಒನಕೆ ತಂದು ಗವಸಿನೊಳಗೆ ತುರುಕಿ ಗೋಡೆಗೆ ನೇತುಹಾಕಿದೆ. ಹಂದಿ ಹೊಡೆದ ಮೇಲೆ ಗೌಡರು ತಾವೇ ತಂದುಕೊಡುತ್ತಾರೆ, ಸದ್ದಿಲ್ಲದೆ ಬದಲಾಯಿಸಿದರಾಯಿತು ಎಂಬುದು ನನ್ನ ಘನವಾದ ಲೆಕ್ಕ. ಆರು ದಿನ ವಕೀಲರ ಹೆಂಡತಿ ಒನಕೆ ಕದ್ದವಳೆಂದು ಪಕ್ಕದ ಮನೆಯಾಕೆಗೆ ಶಾಪ ಹಾಕಿದರು. ನಾನು ಗೋಣು ಹಾಕಿದೆ.

ಶುಕ್ರವಾರ ಬಂತು. ಹೈದ್ರಾಬಾದ್ ಸರಕಾರದ ವಾರದ ಸೂಟಿ, ಕಚೇರಿ ಇಲ್ಲ. ವಕೀಲರಿಗೆ ಅದು ಸೊಸೆಯರಿಗೆ ಎಣ್ಣೆ ಹಚ್ಚುವ ದಿನ. ದರ್ಜಿಯ ಅಂಗಡಿಯಿಂದ ಹೊಲಿಗೆ ಯಂತ್ರದ ಎಣ್ಣೆಯನ್ನು ಸಣ್ಣ ಸೀಸೆಯಲ್ಲಿ ತರಿಸುತ್ತಿದ್ದರು. ಕೋಳಿಯ ಪುಕ್ಕದ ತುದಿ ಅದ್ದಿ, ಕೀಲಿಗೆ ಒಂದು ಹನಿ, ಹೆಚ್ಚಿಲ್ಲ. ನಾಲ್ಕು ಮುಗಿದವು. ಐದನೆಯ ಗವಸು ಬಿಚ್ಚಿದರು. ಹೊರಬಂದದ್ದನ್ನು ಒಂದು ಕಣ್ಣಿನಿಂದ ನೋಡಿದರು, ತಿರುಗಿಸಿ ನೋಡಿದರು, ಗೆಣ್ಣಿನಿಂದ ಬಡಿದರು.

“ಅಸಲ್ ಮಾತ್ ಏನಂದ್ರ, ಇದು ಜಾಲಿ ಕಟ್ಟಿಗಿ.”

ಒಳಗಿನಿಂದ ಹೆಂಡತಿ ಓಡಿಬಂದರು. “ಅಯ್ಯ, ನನ್ನ ಒಣಕಿ! ನಿಮ್ಮ ಕೈಗೆ ಹೆಂಗ ಬಂತ್ರೀ? ಒಂದು ವಾರದಿಂದ ಆಕಿನ್ನ ಬೈದು ಬೈದು ನನ್ನ ಬಾಯಿ ಒಣಗೇತಿ!”

ನಾನು ಎಲ್ಲ ಹೇಳಿದೆ. ಕಪಾಳಕ್ಕೆ ಬೀಳುವುದನ್ನು ಕಾದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ.

“ಹೆಂಗಂದಿ? ಅಂದು ತೋರ್ಸು.”

ಅಂದು ತೋರಿಸಿದೆ. ಮೂಗೇರಿಸುವುದನ್ನೂ ಬಿಡಲಿಲ್ಲ.

“ನಾ ಹಂಗ ಮೂಗೇರಸ್ತೀನೇನು?”

“ಇದ್ದದ್ದು ಇದ್ದಂಗ ಐತಿ,” ಎಂದರು ಹೆಂಡತಿ, ಒನಕೆ ಎದೆಗೊತ್ತಿಕೊಂಡು.

ಆಮೇಲೆ ವಕೀಲರು ಇದ್ದಕ್ಕಿದ್ದಂತೆ ಕೇಳಿದರು. “ಅವನ ಹತ್ರ ತೋಟಾ ಯಾವು ಅದಾವ?” ಹೊಗೆ ಬರುವುದಿಲ್ಲವಂತೆ ಎಂದೆ. ಅವರು ಎಣ್ಣೆಯ ಸೀಸೆ ಅಲ್ಲೇ ಬಿಟ್ಟು ಶೇರವಾನಿ ತೊಡಲು ಎದ್ದರು.

ಆ ದಿನ ನನಗೆ ತಿಳಿದದ್ದು ಇದು. ಮಸ್ಕಿಯಾಕಿಯ ನಳಿಗೆ ಈಗಿನವುಗಳಂತೆ ಇಡೀ ಉಕ್ಕಿನ ಗಟ್ಟಿಯಲ್ಲಿ ಕೊರೆದದ್ದಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹಗ್ಗದಂತೆ ಹೊಸೆದು, ಸುತ್ತಿ, ಬಡಿದು ಬೆಸೆದದ್ದು. ಮೈತುಂಬ ಹಾವಿನ ಪೊರೆಯಂಥ ಗೆರೆ. ಆ ಗೆರೆಗಳಿಗೆ ಜೌಹರ್ ಎನ್ನುತ್ತಾರೆ, ಅವುಗಳಿಗಾಗಿಯೇ ಅವರು ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದರು. ಅದು ಕರಿಮದ್ದಿನ ಕಾಲದ ನಳಿಗೆ. ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡವನ್ನು ತಡೆಯಲಾರದು. ಸೀಳಿದರೆ ಸೀಳುವುದು ಎಡಗೈ ಹಿಡಿದಿರುವ ಜಾಗದಲ್ಲೇ.

“ಇದನ್ನ ಒಮ್ಮೆಯರ ಬಾಯಿ ಬಿಟ್ಟು ಗೌಡರಿಗೆ ಹೇಳಿದ್ರೇನ್ರಿ? ಏಳು ಸಲ ಬಂದ್ರು!” ಎಂದು ನಾನೇ ಮೇಲೆ ಬಿದ್ದು ಜಗಳ ತೆಗೆದೆ. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ.

“ಜೌಹರ್ ಸುದ್ದಿಗೆ ಇನ್ನೂ ಬಂದಿದ್ದಿಲ್ಲೋ,” ಎಂದರು ಕ್ಷೀಣವಾಗಿ. ಏಳು ಭೇಟಿಯಲ್ಲಿ ಕುದುರೆಗಳ ವರ್ಣನೆಯೇ ಮುಗಿದಿರಲಿಲ್ಲ!

ಸವಾರಿ ಬಂಡಿ ಮಾಡಿಕೊಂಡು ಹೊರಟೆವು. ಮಸ್ಕಿ ಮುಟ್ಟುವಾಗ ದೀಪ ಹಚ್ಚಿದ್ದರು. ಎತ್ತುಗಳು ಇನ್ನು ಹೆಜ್ಜೆ ಕೀಳವು ಎಂದು ಬಂಡಿಯವನು ಕೈಚೆಲ್ಲಿದ. ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಇಳಿದುಕೊಂಡೆವು. ಬೆಳಗಾಗುತ್ತಲೇ ಬಂಡಿ ಹೂಡಿಸಿ ನಾನು ಹೊರಗೆ ನಿಂತರೆ ವಕೀಲರ ಪತ್ತೆ ಇಲ್ಲ. ಓಣಿಯ ಕೊನೆಯಿಂದ ಠಣ್ ಎಂಬ ಸದ್ದು ಬಂತು.

ಓಡಿದೆ. ಯಾರದೋ ಅಂಗಳದ ಬೇವಿನ ಟೊಂಗೆಗೆ ಒಂದು ಜೋಡುನಳಿಗೆ ತೂಗುಬಿದ್ದಿತ್ತು. ವಕೀಲರು ಕಿವಿ ಹಚ್ಚಿ ನಿಂತಿದ್ದರು. ಆ ಮನೆಯ ಅಟ್ಟದ ಮೇಲೊಂದು ಇದೆ ಅಂತ ವ್ಯಾಪಾರಿ ರಾತ್ರಿ ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿದ್ದನಂತೆ.

“ಸಾಹೇಬ್ರ! ಅಲ್ಲೊಬ್ಬ ಮನಶ್ಯಾನ ಕೈ ಹೋಗಾಕತ್ತೈತಿ, ಇಲ್ಲಿ ನೀವು ಗಂಟಿ ಬಾರ್ಸಾಕತ್ತೀರಿ!”

“ಹಗಲ ಹೊತ್ತಿನ್ಯಾಗ ಹಂದಿ ಬರಂಗಿಲ್ಲ. ಒಂದು ನಿಮಿಷ ತಡಿ.”

ಆ ಒಂದು ನಿಮಿಷ ಅರ್ಧ ತಾಸಾಯಿತು. ದಾರ ಬದಲಿಸಿ, ಟೊಂಗೆ ಬದಲಿಸಿ ಬಡಿದರು. ಕಡೆಗೆ “ಒಡಕು” ಎಂದು ಇಳಿಸಿದರು. ಮಸ್ಕಿಯ ಹಳ್ಳ ದಾಟಿ, ಎರೆ ಹೊಲಗಳ ನಡುವೆ ಬಂಡಿ ತೆವಳುವಾಗ ಅವರು ಒಂದು ಮಾತಾಡಲಿಲ್ಲ. “ಅಸಲ್ ಮಾತ್” ಕೂಡ ಇಲ್ಲ. ಮೂರು ವರ್ಷದ ನೌಕರಿಯಲ್ಲಿ ಅವರು ಸುಮ್ಮನಿದ್ದದ್ದು ಅದೇ ಮೊದಲು. ಬೇಕಿದ್ದಾಗ ಸಿಗದ ಆ ಮೌನ ಬೇಡದಾಗ ಸಿಕ್ಕಿತ್ತು.

ಮಧ್ಯಾಹ್ನದ ಹೊತ್ತಿಗೆ ಹಳ್ಳಿ ಬಂತು. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ವಕೀಲರು ಬಂಡಿ ನಿಲ್ಲುವ ಮೊದಲೇ ಧುಮುಕಿದರು. ಬಂದೂಕು ಕೇಳುತ್ತಾರೆಂದು ನಾನು ಬಾಜಿ ಕಟ್ಟುವವನಿದ್ದೆ. ಅವರು ನೆಟ್ಟಗೆ ಹೋಗಿ ಗೌಡರ ಎಡಗೈ ಹಿಡಿದು, ಎರಡೂ ಕಣ್ಣು ಬಿಟ್ಟು, ಒಂದೊಂದೇ ಬೆರಳು ಮುಟ್ಟಿ ನೋಡಿದರು.

“ಅದನ್ಯಾಕ ಎಣಸ್ತೀರ್ರೀ?” ಎಂದು ಗೌಡರು ಕೈ ಕಿತ್ತುಕೊಂಡರು. “ನಿಮ್ಮ ಬಂದೂಕಿನ ಸುದ್ದಿ ಕೇಳ್ರಿ. ನಿನ್ನಿ ಸಂಜಿಮುಂದ ಹನ್ನೊಂದು ಹಂದಿ ಸಾಲಿಟ್ಟು ಬಂದ್ವು. ಕುದುರಿ ಏಳಸ್ತೀನಿ ಅಂದ್ರ ಮ್ಯಾಲ ಏಳವಲ್ವು! ಹಂದಿಗಳು ನಿಂತು ನನ್ನ ಮಾರಿ ನೋಡಿ ಶೇಂಗಾ ತಿಂದು ಹೋದ್ವು. ಇಂಥಾದ್ದನ್ನ ಕೊಡ್ತಾರೇನ್ರೀ?”

ನಾನು ವಕೀಲರ ಮುಖ ನೋಡಿದೆ. ‘ಕೊಟ್ಟವನು ನಾನಲ್ಲ, ಈ ಮಂಗ್ಯಾ’ ಎಂಬ ಒಂದು ಮಾತು ಸಾಕಿತ್ತು, ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನನಗೆ ಯಾರೂ ಅರ್ಜಿ ಬರೆಯಲು ಕಾಗದ ಕೊಡುತ್ತಿರಲಿಲ್ಲ.

“ಕೊಟ್ಟದ್ದು ಖರೆ,” ಎಂದರು ವಕೀಲರು. “ಹೊಸಾ ತೋಟಾ ಹಾಕಬ್ಯಾಡ್ರಿ ಅಂತ ಹೇಳೂದು ಮರ್ತಿದ್ದೆ. ಅದನ್ನ ಹೇಳಾಕ ಬಂದೀನಿ.” ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬಂದೂಕು ಹೊರಗೆ ಬಂತು. ಕುಂದೆಗೆ ಅರಿಶಿನ, ಕುಂಕುಮ. ಮೈಯೆಲ್ಲ ಜಿಗಿಜಿಗಿ. ಎರಡು ಕುದುರೆಗಳೂ ಬೆಲ್ಲದ ಪಾಕದಲ್ಲಿ ಸಿಕ್ಕ ನೊಣಗಳಂತೆ ಅಂಟಿ ಕೂತಿದ್ದವು. ಗೌಡರ ತಾಯಿ ಒಳಗೆ ಜೋಳ ಕೇರುತ್ತಿದ್ದವರು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು ಹೆಮ್ಮೆಯಿಂದ ಹೇಳಿದರು. ಮಸ್ಕಿಯಾಕಿ ಅಂತ ಮಗ ಹೇಳಿದ್ದನಂತೆ. ಹೊಸದಾಗಿ ಮನೆಗೆ ಬಂದವಳು, ಆರತಿ ಮಾಡಿ ಒಳಗೆ ತೊಗೊಂಡರಂತೆ. ಹೊಸ ಕೂರಿಗೆಗೆ ಎಣ್ಣೆ ಕುಡಿಸಿದ ಹಾಗೆ ಆರು ದಿನ ಬಿಡದೆ ಕುಸುಬಿ ಎಣ್ಣೆ ಕುಡಿಸಿ ಬಿಸಿಲಿಗಿಟ್ಟರಂತೆ, ಸಂದುಗೊಂದಿಗೆಲ್ಲ ಹೊಯ್ದು. ಏಳನೆಯ ದಿನವೇ ಹೊಲಕ್ಕೆ ಒಯ್ಯಬೇಕೆಂದು ಮಗನಿಗೆ ತಾಕೀತು ಮಾಡಿದ್ದರಂತೆ. ಕುಸುಬಿ ಎಣ್ಣೆ ಬಿಸಿಲಿಗೆ ಒಣಗಿದರೆ ಅಂಟಾಗುತ್ತದೆಂಬುದು ನಮ್ಮ ಕಡೆ ಒಗ್ಗರಣೆ ಡಬ್ಬಿ ತೊಳೆದವರಿಗೆಲ್ಲ ಗೊತ್ತು. ಬಂದೂಕಿಗೂ ಹಾಗೇ ಆಗುತ್ತದೆಂದು ಆ ಮುದುಕಿಗೆ ಯಾರು ಹೇಳಬೇಕಿತ್ತು?

ಮಗನ ಕೈ ಉಳಿಸಿದ್ದು ಆ ಅಂಟೇ ಎಂದು ನಾನು ಎಷ್ಟು ಸನ್ನೆ ಮಾಡಿದರೂ ವಕೀಲರಿಗೆ ಕಾಣಲಿಲ್ಲ. ಬೆರಳು ಐದೂ ಇವೆ ಎಂದು ಖಾತ್ರಿಯಾದ ಗಳಿಗೆಗೇ ಅವರು ಹಳೆಯ ಮನುಷ್ಯರಾಗಿದ್ದರು.

“ಅಸಲ್ ಮಾತ್ ಏನಂದ್ರ, ಈಕಿನ್ನ ಬಿಚ್ಚಿ ತೊಳೀಬೇಕು. ನಾ ಒಯ್ತೀನಿ.”

“ಕೊಟ್ಟು ಕಸಗೊಂತೀರೇನ್ರಿ?” ಗೌಡರು ಎದ್ದು ನಿಂತರು. “ಸುಗ್ಗಿ ಮುಗಿಯುತನಾ ಬಿಡಂಗಿಲ್ಲ. ನೀವ ಕೊಟ್ಟೀರಿ, ಈಗ ನೀವ ಒಪ್ಪಿಕೊಂಡೀರಿ!”

ಸಿಕ್ಕಿಬಿದ್ದರು. ನನ್ನನ್ನು ಉಳಿಸಲು ಆಡಿದ ಒಂದು ಮಾತು ಅವರ ಕೈಕಾಲು ಕಟ್ಟಿತ್ತು. ಹೊಸ ತೋಟಾ ಹಾಕಿದರೆ ಕೈ ಹೋಗುತ್ತದೆ ಎಂದರೆ ಗೌಡರು ನಂಬಲೊಲ್ಲರು. ಬಂದೂಕು ವಾಪಸು ಕೀಳಲು ವಕೀಲರು ಹೂಡಿದ ಆಟವೆಂದೇ ಅವರ ತೀರ್ಮಾನ. ಒಬ್ಬರು ನಳಿಗೆಯ ಕಡೆ, ಒಬ್ಬರು ಕುಂದೆಯ ಕಡೆ ಹಿಡಿದು ನಿಂತರು. ಒಪ್ಪಿಕೊಳ್ಳೋಣವೆಂದು ನಾನು ಬಾಯಿ ತೆರೆದರೆ ವಕೀಲರು “ನೀ ಬಾಯಿ ಮುಚ್ಚು” ಎಂದು ಗದರಿದರು. ಮಂದಿ ಕೂಡಿದರು. ವಕೀಲರು ಪಾಪ, ಜಗಳವನ್ನು ಮುದುಕಿಯ ಎಣ್ಣೆಯ ಕಡೆ ತಿರುಗಿಸಿದರು. ಅಲ್ಲೇ ಕೆಟ್ಟರು.

“ಯವ್ವಾ, ಬಂದೂಕಿಗೆ ಯಾರರ ಕುಸುಬಿ ಎಣ್ಣಿ ಹೊಯ್ತಾರೇನು? ಎಂಥಾ ಕೀಲಿ ಕೆಡಿಸಿದಿ! ಇಪ್ಪತ್ತು ವರ್ಷ ನನ್ನ ಮನ್ಯಾಗ ಐತಿ. ಹೂವಿನಂಗ ಇಟ್ಟೀನಿ. ಒಂದ ಒಂದು ಗುಂಡು ಹಾರಿಸಿಲ್ಲ!”

ಮುದುಕಿ ಮೊರವನ್ನು ಕೆಳಗಿಟ್ಟರು. ಒಂದು ಮಾತು ಆಡಿದರು. ಆಮೇಲೆ ಗೌಡರೂ ತಾವಾಗಿ ಕೈ ಬಿಟ್ಟರು, ಕೂಡಿದ ಮಂದಿ ನಗುತ್ತಾ ಚದುರಿತು, ಮಸ್ಕಿಯಾಕಿ ನಮ್ಮ ಬಂಡಿಯಲ್ಲೇ ತಿರುಗಿ ಬಂದಳು. ಮುದುಕಿಯ ಆ ದನಿಯನ್ನು ನಾನು ಇವತ್ತಿಗೂ ಎಷ್ಟು ಅನುಕರಿಸಿದರೂ ಸರಿಯಾಗಿ ಬಂದಿಲ್ಲ, ಆದರೆ ಮಾತು ಮಾತ್ರ ಒಂದಕ್ಷರ ತಪ್ಪಿಲ್ಲ:

“ನಿನ್ನ ಮನ್ಯಾಗ ಇಪ್ಪತ್ತು ವರ್ಷ ಹಾರಲಿಲ್ಲಂದ್ರ ಅದು ಶಾಣ್ಯಾತನ, ನನ್ನ ಮನ್ಯಾಗ ಒಂದು ಸಂಜಿ ಹಾರಲಿಲ್ಲಂದ್ರ ಅದು ಎಣ್ಣಿ ತಪ್ಪೇನೋ ವಕೀಲಪ್ಪಾ? ಈತಗ ಕೊಟ್ಟು ಕಳಸೋ ಮಗನ, ಹಂದಿ ಓಡ್ಸಾಕ ನನ್ನ ಬಾಯಿ ಸಾಕು!”